ಆಕಾಶಗರುಡ ಮತ್ತು ಅದರ ಕಹಿ

ರಾಯದುರ್ಗ, ಮಡಕಶಿರಾ ಸೀಮೆಯ ಹಳ್ಳಿಗಳಲ್ಲಿ ಮನೆಯ ಬಾಗಿಲ ಮೇಲೆ ಹಗ್ಗದಿಂದ ತೂಗುಬಿಟ್ಟ ಗಡ್ಡೆಯನ್ನು ನಮ್ಮ ವಿದ್ಯಾರ್ಥಿಗಳು ನೋಡಿರಬಹುದು. ಮಣ್ಣಿಲ್ಲ, ನೀರಿಲ್ಲ, ಆದರೂ ಮಳೆಗಾಲ ಬಂದೊಡನೆ ಅದು ಚಿಗುರಿ ಬಳ್ಳಿಯನ್ನು ಇಳಿಬಿಡುತ್ತದೆ. ಇದೇ ಆಕಾಶಗರುಡ. ತೆಲುಗು ಬಾಂಧವರು ಇದನ್ನು ನಾಗದೊಂಡ ಎಂದೂ ಕರೆಯುವರು. ಕಳೆದ ಮಳೆಗಾಲದಲ್ಲಿ ಈ ಗಡ್ಡೆಯೊಂದನ್ನು ತರಗತಿಗೆ ತಂದ ಬಾಲಕನು, “ಮೇಷ್ಟ್ರೇ, ಇದು ಮನೆಯಲ್ಲಿದ್ದರೆ ಹಾವು ಕಚ್ಚಿದರೂ ಭಯವಿಲ್ಲವಂತೆ, ನಿಜವೇ?” ಎಂದು ಕೇಳಿದನು. ಅವನಿಗೆ ಎರಡು ಮಾತಿನಲ್ಲಿ ಉತ್ತರ ಹೇಳಲು ನಮಗೆ ಮನಸ್ಸಾಗಲಿಲ್ಲ. ಆದುದರಿಂದ ಈ ಲೇಖನ.

ಮೊದಲು ಬಳ್ಳಿಯ ಕುಲವನ್ನು ತಿಳಿಯೋಣ. ಸೌತೆ, ಸೋರೆ, ಹಾಗಲ, ತೊಂಡೆಗಳ ಕುಟುಂಬಕ್ಕೆ ಸೇರಿದುದು ಆಕಾಶಗರುಡ. ಯೂರೋಪಿನಲ್ಲಿ ಇದೇ ಕುಟುಂಬದ ಬ್ರಯೋನಿಯಾ ಎಂಬ ಬಳ್ಳಿಗಳಿವೆ. ಅವುಗಳಿಗೂ ಭಾರಿ ಗಾತ್ರದ ಬೇರುಗಡ್ಡೆ ಉಂಟು. ಹಿಂದೆ ಇಂಗ್ಲೆಂಡಿನಲ್ಲಿ ಆ ಬೇರನ್ನು ಮನುಷ್ಯಾಕೃತಿಯಲ್ಲಿ ಕೆತ್ತಿ, ಮಂತ್ರಶಕ್ತಿಯುಳ್ಳ ಬೇರೆಂದು ಮಾರುತ್ತಿದ್ದವರೂ ಇದ್ದರು! ಗಡ್ಡೆಯ ಕುರಿತ ಬೆರಗು ನಮ್ಮ ನಾಡಿಗಷ್ಟೇ ಮೀಸಲಾದುದಲ್ಲವೆಂಬುದು ಇದರಿಂದ ವಿದಿತವಾಗುವುದು. ತಮಿಳುನಾಡಿನ ತರಂಗಂಬಾಡಿಯಲ್ಲಿದ್ದ ಪಾದ್ರಿ ಹಾಗೂ ಸಸ್ಯಶಾಸ್ತ್ರಜ್ಞ ರಾಟ್ಲರ್ ಅವರು ನಮ್ಮ ಆಕಾಶಗರುಡವನ್ನೂ ಬ್ರಯೋನಿಯಾ ಗುಂಪಿನಲ್ಲಿಯೇ ಇರಿಸಿದ್ದರು. ಇಂದು ಅದರ ಶಾಸ್ತ್ರೀಯ ನಾಮ ಕೊರಾಲೊಕಾರ್ಪಸ್ ಎಪಿಜಿಯಸ್. ಬೇಲಿಗಳಲ್ಲಿ ಬಿಳಿ ಪಟ್ಟೆಯ ಕೆಂಪು ಹಣ್ಣು ಬಿಡುವ ಲಿಂಗತೊಂಡೆಗೂ ಲಿನ್ನೇಯಸ್ 1753ರಲ್ಲಿ ಬ್ರಯೋನಿಯಾ ಎಂದೇ ಹೆಸರಿಟ್ಟಿದ್ದನು. 1962ರಲ್ಲಿ ಅದು ಡಿಪ್ಲೊಸೈಕ್ಲಸ್ ಪಾಮೇಟಸ್ ಎಂದಾಯಿತು. ಈ ಹಣ್ಣು ನೋಡಲು ಚೆಲುವಾದರೂ ವಿಷಕರ. ಮಕ್ಕಳು ಇದನ್ನು ಬಾಯಿಗೆ ಹಾಕಬಾರದು.

ಮಣ್ಣಿಲ್ಲದೆ ಚಿಗುರುವುದರಲ್ಲಿ ಮಾಯೆಯೇನೂ ಇಲ್ಲ. ನಮ್ಮದು ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ಬರಸೀಮೆ. ಬಳ್ಳಿಯು ಮಳೆಗಾಲದಲ್ಲಿ ಆಹಾರವನ್ನೂ ನೀರನ್ನೂ ಗಡ್ಡೆಯಲ್ಲಿ ಕೂಡಿಟ್ಟುಕೊಂಡು, ಬೇಸಗೆಯಲ್ಲಿ ಒಣಗಿ, ಕಾಲ ಬಂದಾಗ ಆ ಉಳಿತಾಯದಿಂದಲೇ ಚಿಗುರುತ್ತದೆ. ಕಣಜ ತುಂಬಿಟ್ಟ ರೈತನು ಬರಗಾಲವನ್ನು ದಾಟುವಂತೆಯೇ ಇದು.

ಇಂತಹ ಗಡ್ಡೆಯನ್ನು ಕಾಡುಪ್ರಾಣಿಗಳು ಅಗೆದು ತಿನ್ನದಿರಲು ಬೇಕಾದ ರಕ್ಷಣೆಯೇ ಕಹಿ. ಬ್ರಯೋನಿಯಾ ಬೇರಿನ ಕಹಿಸತ್ವವನ್ನು ಹಿಂದಿನ ರಸಾಯನಶಾಸ್ತ್ರಜ್ಞರು ಬ್ರಯೊನಿನ್ ಎಂದು ಕರೆದರು. ಅದು ಒಂದೇ ವಸ್ತುವಲ್ಲ, ಹಲವು ವಸ್ತುಗಳ ಮಿಶ್ರಣವೆಂದು ಬಳಿಕ ತಿಳಿದುಬಂದಿತು. ಅವುಗಳಲ್ಲಿ ಮುಖ್ಯವಾದುವು ಕುಕುರ್ಬಿಟಾಸಿನ್‌ಗಳು. ಈ ಕುಟುಂಬದ ಕಹಿಯೆಲ್ಲವೂ ಬಹುಮಟ್ಟಿಗೆ ಇವುಗಳದೇ. 2014ರಲ್ಲಿ ಚೀನಾದ ವಿಜ್ಞಾನಿಗಳು ಸೌತೆಯಲ್ಲಿ ಇದನ್ನು ತಯಾರಿಸುವ ಒಂಬತ್ತು ಜೀನುಗಳನ್ನು ಗುರುತಿಸಿದರು. ನಾವು ತಿನ್ನುವ ಸೌತೆ, ಸೋರೆಗಳಲ್ಲಿ ಈ ಕಹಿಯು ಮನುಷ್ಯನ ಆಯ್ಕೆಯಿಂದ ಕುಗ್ಗಿದೆ; ಆದರೂ ಒಮ್ಮೊಮ್ಮೆ ತಲೆಯೆತ್ತುತ್ತದೆ. ಕಹಿ ಸೋರೆಕಾಯಿಯ ರಸ ಕುಡಿದು ಸತ್ತವರೂ ಉಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರು ಕಹಿಯಾದ ರಸವನ್ನು ಎಸೆಯಬೇಕೆಂದು ಎಚ್ಚರಿಸಿದ್ದಾರೆ. ತುದಿ ಕೊಯ್ದು ರುಚಿ ನೋಡುವ ನಮ್ಮ ತಾಯಂದಿರ ಪದ್ಧತಿಯು ಶಾಸ್ತ್ರಸಮ್ಮತವಾದುದೇ ಸರಿ.

ಜೀವಕೋಶದ ಕೆಲಸವನ್ನು ತಡೆಯುವ ಈ ವಸ್ತುಗಳನ್ನು ಔಷಧವಾಗಿಸಬಹುದೇ ಎಂದು ಸಂಶೋಧಕರು ಯೋಚಿಸುತ್ತಿರುವರು. ಕುಕುರ್ಬಿಟಾಸಿನ್‌ಗಳು ಪ್ರಯೋಗಶಾಲೆಯಲ್ಲಿ ಅರ್ಬುದಕೋಶಗಳ ಬೆಳವಣಿಗೆಯನ್ನು ತಡೆದಿವೆ. ಯೂರೋಪಿನ ಬ್ರಯೋನಿಯಾ ಬೇರಿನಲ್ಲಿರುವ ಬ್ರಯೊಡಿನ್ ಎಂಬ ಪ್ರೋಟೀನು, ಕೋಶದೊಳಗೆ ಪ್ರೋಟೀನು ತಯಾರಾಗುವುದನ್ನೇ ನಿಲ್ಲಿಸುತ್ತದೆ. 1990ರ ದಶಕದಲ್ಲಿ ಇದನ್ನು ಪ್ರತಿಕಾಯಗಳಿಗೆ ಜೋಡಿಸಿ ಅರ್ಬುದಕೋಶಗಳಿಗೇ ತಲುಪಿಸುವ ಪ್ರಯತ್ನಗಳು ನಡೆದವು. ಆದರೆ ಗಾಜಿನ ಪಾತ್ರೆಯಲ್ಲಿ ಕೋಶವನ್ನು ಕೊಲ್ಲುವುದು ಬೇರೆ, ರೋಗಿಯನ್ನು ಉಳಿಸುವುದು ಬೇರೆ. ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಇಲ್ಲಿ ಅಂತರವು ಬಲು ಕಿರಿದು. ಅಳತೆಯಿಲ್ಲದೆ ಗಡ್ಡೆಯನ್ನು ಅರೆದು ಕುಡಿಸಿದರೆ ವಾಂತಿ, ಭೇದಿಗಳೇ ಫಲವಾದೀತು.

ಇನ್ನು ಬಾಲಕನ ಪ್ರಶ್ನೆ. ಗರುಡನೆಂಬ ಹೆಸರಿನಿಂದಲೂ ಹಳೆಯ ನಾಟಿವೈದ್ಯದಿಂದಲೂ ಈ ಗಡ್ಡೆ ಹಾವಿನ ಮದ್ದೆಂದು ಹೆಸರಾಗಿದೆ. “ಇದನ್ನು ಕುಡಿದು ಬದುಕಿದವರಿದ್ದಾರಲ್ಲಾ?” ಎಂದು ಪೋಷಕರು ಕೇಳಬಹುದು. ಇದ್ದಾರೆ. ಆದರೆ ನಮ್ಮ ಸುತ್ತಲಿನ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ವಿಷದ ಹಾವೂ ಪ್ರತಿ ಸಲ ಕಚ್ಚಿದಾಗ ವಿಷವನ್ನು ಇಳಿಸುವುದಿಲ್ಲ. ಅಂತಹವರು ಏನನ್ನೂ ಕುಡಿಯದಿದ್ದರೂ ಬದುಕುತ್ತಿದ್ದರು; ಕೀರ್ತಿ ಮಾತ್ರ ಗಡ್ಡೆಗೆ ಬಂದಿತು. ವಿಷವು ನಿಜವಾಗಿ ಏರಿದವರಿಗೆ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷವೇ ಮದ್ದು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಅದು ಒದಗುತ್ತದೆ. ಗಡ್ಡೆ ಅರೆಯುವುದರಲ್ಲಿ ಕಳೆದ ಒಂದು ಗಂಟೆಯು ಒಂದು ಪ್ರಾಣದ ಬೆಲೆಯಾಗಬಹುದು.

ಆದುದರಿಂದ ಕಡಲೆಕಾಯಿ ಹೊಲದಲ್ಲಾಗಲಿ ಅಂಗಳದಲ್ಲಾಗಲಿ ಯಾರಿಗಾದರೂ ಹಾವು ಕಚ್ಚಿದರೆ ಗಾಯವನ್ನು ಕೊಯ್ಯಬೇಡಿರಿ, ಬಾಯಿಂದ ಹೀರಬೇಡಿರಿ, ಹಗ್ಗದಿಂದ ಬಿಗಿಯಬೇಡಿರಿ. ಧೈರ್ಯ ಹೇಳಿ, ಕಚ್ಚಿದ ಅಂಗವನ್ನು ಅಲುಗಾಡದಂತಿರಿಸಿ, 108ಕ್ಕೆ ಕರೆ ಮಾಡಿ, ಕೂಡಲೇ ಸರಕಾರಿ ಆಸ್ಪತ್ರೆಗೆ ಸಾಗಿಸಿರಿ.

ಆಕಾಶಗರುಡವು ಬಾಗಿಲಲ್ಲಿ ತೂಗುತ್ತಿರಲಿ. ಹಿರಿಯರ ನೆನಪಾಗಿಯೂ ಬರವನ್ನು ಗೆಲ್ಲುವ ಪಾಠವಾಗಿಯೂ ಅದು ನಮ್ಮ ಮನೆಗಳಿಗೆ ಭೂಷಣವೇ. ಆದರೆ ಮಕ್ಕಳ ಪ್ರಾಣವನ್ನು ಅದಕ್ಕೆ ಒಪ್ಪಿಸದಿರೋಣ. ಆ ಬಾಲಕನಿಗೆ ನಾವು ಕೊಡುವ ಉತ್ತರ ಇದೇ.