ಸಂಸದರಿಗೊಂದು ಕಾಗದ ಬರೆಯೋಣ

ಶಾಲೆಯ ಚುನಾವಣೆಯಲ್ಲಿ ಯಾರೂ ಹತ್ತು ರೂಪಾಯಿಗಿಂತ ಹೆಚ್ಚು ಖರ್ಚು ಮಾಡಕೂಡದೆಂದು ಮೇಷ್ಟ್ರು ಹೇಳಿದರೆನ್ನಿ. ಅಭ್ಯರ್ಥಿ ಹತ್ತೇ ರೂಪಾಯಿ ಖರ್ಚು ಮಾಡಿದ. ಅವನ ಗುಂಪು ಸಾವಿರ ಸುರಿಯಿತು. ಮೇಷ್ಟ್ರ ಮಾತಿಗೆ ಬೆಲೆ ಉಳಿಯಿತೆ?

ನಮ್ಮ ಲೋಕಸಭಾ ಚುನಾವಣೆಯ ಕಥೆಯೂ ಇದೇ. ದೊಡ್ಡ ರಾಜ್ಯಗಳಲ್ಲಿ ಅಭ್ಯರ್ಥಿಯ ಖರ್ಚಿನ ಮಿತಿಯನ್ನು 2022ರಲ್ಲಿ 95 ಲಕ್ಷ ರೂಪಾಯಿಗೆ ಏರಿಸಲಾಯಿತು. ಆದರೆ ಪಕ್ಷ ಮಾಡುವ ಸಾಮಾನ್ಯ ಪ್ರಚಾರಕ್ಕೆ ಮಿತಿಯೇ ಇಲ್ಲ!

ಅಭ್ಯರ್ಥಿಗಾಗಿ ಪಕ್ಷ ಮಾಡಿದ ಖರ್ಚೂ ಅವನ ಲೆಕ್ಕಕ್ಕೇ ಸೇರಬೇಕೆಂದು ಸುಪ್ರೀಂ ಕೋರ್ಟ್ 1974ರಲ್ಲಿ ತೀರ್ಪಿತ್ತಿತು. ಅದೇ ವರ್ಷ ಕಾನೂನು ತಿದ್ದಿ ತೀರ್ಪನ್ನು ನಿಷ್ಫಲಗೊಳಿಸಲಾಯಿತು. 2003ರ ತಿದ್ದುಪಡಿ ಬಾಗಿಲನ್ನು ಅರ್ಧ ಮುಚ್ಚಿತು. ಉಳಿದರ್ಧ ಮುಚ್ಚಬೇಕಾದುದು ಸಂಸತ್ತು.

ಹಣವಿಲ್ಲದ ಯೋಗ್ಯರು ಕಣಕ್ಕಿಳಿಯಲು ಹೆದರುವುದು ಈ ತೆರೆದ ಬಾಗಿಲಿನಿಂದಲೇ. ಮನಸ್ಸು ಮಾಡಿದರೆ ಸಂಸತ್ತಿಗೆ ಇದು ಕಷ್ಟವಲ್ಲ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ ಜಾರಿಗೆ ಬಂದ ಸಂವಿಧಾನದ 61ನೇ ತಿದ್ದುಪಡಿಯಿಂದ ತಾನೆ?

ಕರ್ನಾಟಕದಿಂದ ಲೋಕಸಭೆಗೆ ಹೋಗುವವರು 28 ಮಂದಿ. ವಿದ್ಯಾರ್ಥಿಗಳೇ, ನಿಮ್ಮ ಕ್ಷೇತ್ರದವರು ಯಾರೆಂದು ತಿಳಿದು ಒಂದು ಕಾಗದ ಬರೆಯಿರಿ: "ಪಕ್ಷದ ಖರ್ಚಿಗೂ ಮಿತಿ ಬೇಕು. ನೀವು ಬೆಂಬಲಿಸುವಿರಾ?" ಪಾಲಕರೇ, ಅವರು ಮತ ಕೇಳಲು ಮನೆಗೆ ಬಂದಾಗ ಆ ಕಾಗದದ ಉತ್ತರವನ್ನು ನೀವು ಕೇಳಿ.