ಯುದ್ಧ ನಿಲ್ಲಿಸಿದ ಗೆಳೆಯರ ಬಳಗ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತದೆ ಗಾದೆ. ಆದರೆ ಮಾತೇ ನಿಂತುಹೋದಾಗ ಏನು ಮಾಡುವುದು? ಹದಿಮೂರು ವರ್ಷಗಳಿಂದ ಪರಸ್ಪರ ಕೊಲ್ಲುತ್ತಿರುವವರನ್ನು ಒಂದೇ ಮೇಜಿನ ಎದುರು ಕೂರಿಸಲು ಸಾಧ್ಯವೇ? ಸಾಧ್ಯ ಎಂದು ತೋರಿಸಿಕೊಟ್ಟದ್ದು ರೋಮ್ ನಗರದ ಒಂದು ಕ್ರೈಸ್ತ ಬಳಗ. ಅದನ್ನು ಕಟ್ಟಿದವರು ಶಾಲಾ ವಿದ್ಯಾರ್ಥಿಗಳು!

ಅದು 1968. ಯುರೋಪಿನ ವಿದ್ಯಾರ್ಥಿಗಳು ಬೀದಿಗಿಳಿದಿದ್ದ ಕಾಲ. ಆಂದ್ರಿಯಾ ರಿಕಾರ್ಡಿ ಎಂಬ ಹದಿನೆಂಟರ ಹುಡುಗ ಕೆಲವು ಸಹಪಾಠಿಗಳನ್ನು ಸೇರಿಸಿಕೊಂಡು ಬೈಬಲ್ ಓದತೊಡಗಿದ. ಬರೀ ಓದಿದರೆ ಸಾಲದು ಎನ್ನಿಸಿತು. ನಗರದ ಅಂಚಿನ ಕೊಳೆಗೇರಿಗಳಿಗೆ ಹೋಗಿ ಅಲ್ಲಿನ ಮಕ್ಕಳಿಗೆ ಪಾಠ ಹೇಳಿಕೊಡತೊಡಗಿದರು. ಮುಂದೆ ತ್ರಾಸ್ತೆವೆರೆ ಬಡಾವಣೆಯ ಹಳೆಯ ಮಠವೊಂದು ಅವರ ನೆಲೆಯಾಯಿತು. ಅದರ ಹೆಸರು ಸಾಂತ್ ಎಜಿದಿಯೊ. ಬಳಗಕ್ಕೂ ಅದೇ ಹೆಸರು ಉಳಿಯಿತು.

ಇತ್ತ ಆಫ್ರಿಕದ ಮೊಜಾಂಬಿಕ್ ಹೊತ್ತಿ ಉರಿಯುತ್ತಿತ್ತು. ಗೋವಾದಂತೆ ಪೋರ್ಚುಗೀಸರ ಕೈಯಲ್ಲಿದ್ದ ಈ ದೇಶ 1975ರಲ್ಲಿ ಸ್ವತಂತ್ರವಾಯಿತು. ಆದರೆ ಎರಡೇ ವರ್ಷಗಳಲ್ಲಿ ಫ್ರೆಲಿಮೊ ಪಕ್ಷದ ಸರ್ಕಾರಕ್ಕೂ ರೆನಮೊ ಬಂಡುಕೋರರಿಗೂ ಯುದ್ಧ ಆರಂಭವಾಯಿತು. ಯುದ್ಧಕ್ಕೆ ಮತ್ತು ಅದು ತಂದ ಹಸಿವಿಗೆ ಸುಮಾರು 10 ಲಕ್ಷ ಜನ ಬಲಿಯಾದರು.

ಬೈರಾ ನಗರದ ಬಿಷಪ್ ಜೈಮಿ ಗೊನ್ಸಾಲ್ವೆಸ್ ಈ ಬಳಗದ ಹಳೆಯ ಸ್ನೇಹಿತರು. ಅವರ ನಾಡಿನ ಸಂಕಟ ಕೇಳಿ ಬಳಗದವರು ಮೊದಲು ಹಡಗಿನಲ್ಲಿ ಆಹಾರ, ಔಷಧ ಕಳುಹಿಸಿದರು. ಆದರೆ ಬಂದೂಕು ಸುಮ್ಮನಾಗದೆ ಹಸಿವು ನೀಗುವುದಿಲ್ಲ ಎಂಬುದು ಬೇಗನೆ ಅರಿವಾಯಿತು. 1988ರಲ್ಲಿ ಗೊನ್ಸಾಲ್ವೆಸ್ ಗುಟ್ಟಾಗಿ ಕಾಡಿಗೆ ಹೋಗಿ ಬಂಡುಕೋರರ ನಾಯಕ ಅಫೋನ್ಸೊ ಧ್ಲಾಕಾಮಾ ಅವರನ್ನು ಕಂಡರು. ಇಬ್ಬರೂ ಒಂದೇ ಬುಡಕಟ್ಟಿನವರು. ನಿಂತಿದ್ದ ಮಾತು ಅಲ್ಲಿ ಮತ್ತೆ ಶುರುವಾಯಿತು.

1990ರ ಜುಲೈನಲ್ಲಿ ಎರಡೂ ಕಡೆಯವರು ರೋಮಿನ ಆ ಹಳೆಯ ಮಠದಲ್ಲಿ ಎದುರುಬದುರು ಕುಳಿತರು. ನಡುವೆ ಇದ್ದವರು ನಾಲ್ವರು: ರಿಕಾರ್ಡಿ, ಬಳಗದ ಪಾದ್ರಿ ಮತ್ತೆಯೊ ಜುಪ್ಪಿ, ಗೊನ್ಸಾಲ್ವೆಸ್ ಹಾಗೂ ಇಟಲಿ ಸರ್ಕಾರದ ಪರವಾಗಿ ಮಾರಿಯೊ ರಫಾಯೆಲ್ಲಿ. ಹೆದರಿಸಲು ಬಳಗದ ಬಳಿ ಸೈನ್ಯವಿರಲಿಲ್ಲ. ಅದೇ ಅದರ ಬಲವೂ ಆಯಿತು. ಇವರಿಗೆ ಸ್ವಂತ ಲಾಭವಿಲ್ಲ ಎಂದು ಇಬ್ಬರಿಗೂ ನಂಬಿಕೆ ಬಂತು.

ಯಾರು ಎಷ್ಟು ಜನರನ್ನು ಕೊಂದರು ಎಂಬ ಲೆಕ್ಕದಿಂದ ಮಾತು ಆರಂಭವಾಗಲಿಲ್ಲ. ತಾವಿಬ್ಬರೂ ಒಂದೇ ಮೊಜಾಂಬಿಕ್ ಕುಟುಂಬದವರು ಎಂದು ಎರಡೂ ಕಡೆಯವರು ಮೊದಲ ಜಂಟಿ ಹೇಳಿಕೆಯಲ್ಲೇ ಒಪ್ಪಿಕೊಂಡರು. ಹಾಗೆಂದು ದಾರಿ ಸುಲಭವಿರಲಿಲ್ಲ. ಮಾತು ಮುರಿಯಿತು, ಮತ್ತೆ ಕೂಡಿತು. 27 ತಿಂಗಳು ಕಳೆದವು. ಕೊನೆಗೆ 1992ರ ಅಕ್ಟೋಬರ್ 4ರಂದು ಅಧ್ಯಕ್ಷ ಜೊವಾಕಿಂ ಚಿಸಾನೊ ಮತ್ತು ಧ್ಲಾಕಾಮಾ ಒಪ್ಪಂದಕ್ಕೆ ಸಹಿ ಹಾಕಿದರು. 1994ರಲ್ಲಿ ಚುನಾವಣೆ ನಡೆಯಿತು. ಕಾಡಿನಲ್ಲಿದ್ದವರು ಸಂಸತ್ತಿಗೆ ಬಂದರು.

ಇದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಎರಡೂ ಕಡೆಯ ತಪ್ಪಿತಸ್ಥರಿಗೆ ಕ್ಷಮಾದಾನ ಸಿಕ್ಕಿತು. ಮನೆಮಂದಿಯನ್ನು ಕಳೆದುಕೊಂಡವರಿಗೆ ನ್ಯಾಯಾಲಯದ ಬಾಗಿಲು ತೆರೆಯಲಿಲ್ಲ. 2013ರಲ್ಲಿ ಮತ್ತೆ ಗುಂಡಿನ ಸದ್ದು ಕೇಳಿ, 2019ರಲ್ಲಿ ಹೊಸ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಶಾಂತಿಯೂ ಹೊಲದಂತೆ. ಒಮ್ಮೆ ಬಿತ್ತಿ ಮನೆಗೆ ಹೋಗುವಂತಿಲ್ಲ, ಕಳೆ ಕೀಳುತ್ತಲೇ ಇರಬೇಕು.

ಯೇಸು ತನ್ನ ಪರ್ವತ ಪ್ರಸಂಗದಲ್ಲಿ ಧನ್ಯರೆಂದು ಕರೆದದ್ದು ಶಾಂತಿಯನ್ನು ಉಂಟುಮಾಡುವವರನ್ನು. ಜಗಳದಿಂದ ದೂರ ಸರಿದು ಸುಮ್ಮನಿರುವುದು ಬೇರೆ, ಶಾಂತಿ ಉಂಟುಮಾಡುವುದು ಬೇರೆ. ಅದರ ದಾರಿಯೂ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿದೆ. ತಪ್ಪು ಮಾಡಿದವನ ಬಳಿಗೆ ಮೊದಲು ಒಬ್ಬನೇ ಹೋಗಿ ಮಾತನಾಡಬೇಕು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದೊಯ್ಯಬೇಕು. ಸಭೆಯ ಮುಂದಿಡುವುದು ಆಮೇಲೆ. ನಾವು ಮಾಡುವುದು ತಿರುಗುಮುರುಗು. ಊರಿಗೆಲ್ಲ ಹೇಳಿದ ಮೇಲೆ ಅವನ ಮನೆಯ ಬಾಗಿಲು ತಟ್ಟುತ್ತೇವೆ!

ತರಗತಿಯಲ್ಲಿ ಗೆಳೆಯನೊಡನೆ ಮಾತು ಬಿಟ್ಟ ವಿದ್ಯಾರ್ಥಿಗೂ ಈ ದಾರಿ ಒಗ್ಗುತ್ತದೆ. ಮಕ್ಕಳ ಜಗಳ ಬಿಡಿಸುವ ತಂದೆ ತಾಯಿಗೂ ಅಷ್ಟೆ. ಏಟು ಕೊಟ್ಟು ಇಬ್ಬರ ಬಾಯನ್ನೂ ಮುಚ್ಚಿಸುವುದು ಸುಲಭ. ಒಬ್ಬೊಬ್ಬರ ಮಾತನ್ನೂ ಪೂರ್ತಿ ಕೇಳುವುದಕ್ಕೆ ತಾಳ್ಮೆ ಬೇಕು. ಆದರೆ ಮನಸ್ಸಿನಲ್ಲಿ ಉಳಿದ ಮುಳ್ಳು ಹೊರಬರುವುದು ಹಾಗೆಯೇ.

ಅಂದು ಮೇಜಿನ ಬಳಿ ಕುಳಿತಿದ್ದ ಜುಪ್ಪಿ 2019ರಲ್ಲಿ ಕಾರ್ಡಿನಲ್ ಆದರು. 2023ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಉಕ್ರೇನ್ ಯುದ್ಧದ ನಡುವೆ ಕೀವ್‌ಗೂ ಮಾಸ್ಕೋಗೂ ಕಳುಹಿಸಿದರು. ಈ ಬಾರಿ ಯುದ್ಧ ನಿಲ್ಲಲಿಲ್ಲ. ಆದರೂ ಎರಡೂ ಮನೆಯ ಬಾಗಿಲು ತಟ್ಟುವವನೊಬ್ಬ ಬೇಕೇ ಬೇಕಲ್ಲವೇ?