ನಿಮಗಿದು ಗೊತ್ತೇ? ಒತ್ತೆ, ದಿವಾಳಿ ಮತ್ತು ಯಾರೂ ಕೇಳದ ದುಡ್ಡು

ಒತ್ತೆಯಿಟ್ಟ ಹೊಲ ಮುಳುಗಿತು, ಮನೆ ಹರಾಜಾಯಿತು, ಕಂಪನಿ ದಿವಾಳಿಯೆದ್ದಿತು. ಉಳಿದ ಹಣ ಯಾರಿಗೆ?

◆ ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆಯ ಓಣಿಗಳು ಹೋದವು, ಜನ ನವನಗರಕ್ಕೆ ಬಂದರು. ಒತ್ತೆಯಿದ್ದ ಆಸ್ತಿ ಹೀಗೆ ಭೂಸ್ವಾಧೀನವಾದರೂ ಸಾಲ ಕೊಟ್ಟವರ ಹಕ್ಕು ನೀರುಪಾಲಾಗುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 73ನೇ ಕಲಮಿನಂತೆ ಅವರು ಪರಿಹಾರದ ಹಣದಲ್ಲೇ ತಮ್ಮ ಬಾಕಿ ಕೇಳಬಹುದು.

◆ ಸಾಲದ ಗಡುವು ಇನ್ನೂ ಬಂದಿರದಿದ್ದರೂ ಈ ಹಕ್ಕು ನಡೆಯುತ್ತದೆ. ಇವರಿಗಿಂತ ಮುಂದೆ ನಿಲ್ಲುವವರು, ಅದೇ ಆಸ್ತಿಯ ಮೇಲೆ ಮೊದಲೇ ಹಕ್ಕು ಬರೆಸಿಕೊಂಡವರು ಮಾತ್ರ.

◆ ಹೊಲದ ಮೇಲಿನ ಸಾಲ ಕಾಣುವುದು ಪಹಣಿಯ 11ನೇ ಕಾಲಮ್ಮಿನಲ್ಲಿ. ಊರ ಬಾಯಲ್ಲಿ ಅದು 'ಬೋಜಾ'. ಸಾಲ ತೀರಿಸಿಯೂ ಬೋಜಾ ತೆಗೆಸದಿದ್ದರೆ, ಪರಿಹಾರ ಹಂಚುವ ದಿನ ತಕರಾರು ತಪ್ಪದು.

◆ ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಿದರೆ ಮುಳುಗುವ ಜಮೀನಿಗೆ 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ದರ ಗೊತ್ತುಮಾಡಿತು: ಎಕರೆಗೆ ನೀರಾವರಿಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ. ಅದರಲ್ಲಿ ಬ್ಯಾಂಕಿನ ಪಾಲು ಬಾಕಿಯಷ್ಟೇ. ಮಿಕ್ಕಿದ್ದೆಲ್ಲ ರೈತನದು.

◆ ಪರಿಹಾರ ಯಾರಿಗೆ, ಯಾರಿಗೆಷ್ಟು ಎಂಬ ಜಗಳವಿದ್ದರೆ ಹಣ ಯಾರ ಕೈಗೂ ಹೋಗುವುದಿಲ್ಲ. 1894ರ ಭೂಸ್ವಾಧೀನ ಕಾಯ್ದೆಯಡಿ ಅದನ್ನು ಕೋರ್ಟಿನಲ್ಲಿ ಠೇವಣಿ ಇಡುತ್ತಿದ್ದರು. ಅದರ ಜಾಗಕ್ಕೆ ಬಂದ 2013ರ ಕಾಯ್ದೆಯಡಿ ಅದು ಭೂಸ್ವಾಧೀನ ಪ್ರಾಧಿಕಾರದಲ್ಲಿ ಕೂರುತ್ತದೆ. ಬಿಡಿಸಿಕೊಳ್ಳಲು ಹಕ್ಕು ರುಜುವಾಗಬೇಕು.

◆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕುಗಳು 60 ದಿನದ ನೋಟಿಸು ಕೊಟ್ಟು, ಕೋರ್ಟಿಗೆ ದಾವೆ ಹೂಡದೆಯೇ ಒತ್ತೆಯ ಆಸ್ತಿ ಮಾರಬಹುದು. ಆದರೆ ಕೃಷಿ ಜಮೀನು ಈ ಕಾಯ್ದೆಯ ಹೊರಗೆ. ಹುನಗುಂದದ ಎರೆಹೊಲದ ಮೇಲೆ ಈ ಅಸ್ತ್ರ ನಡೆಯದು.

◆ ಬಾದಾಮಿಯಲ್ಲಿ ಪ್ರವಾಸಿಗರ ಲಾಡ್ಜೊಂದು ಹೀಗೆ ಹರಾಜಾಯಿತು ಅನ್ನಿ. ಬಂದ ಹಣದಲ್ಲಿ ಮೊದಲು ಮಾರಾಟದ ಖರ್ಚು, ಆಮೇಲೆ ಬ್ಯಾಂಕಿನ ಬಾಕಿ. ಹಂಚಿ ಮುಗಿಯುವವರೆಗೆ ಬ್ಯಾಂಕು ಆ ಹಣಕ್ಕೆ ಬರೀ ಕಾವಲುಗಾರ. ಉಳಿದ ಮೊತ್ತವನ್ನು ಹಕ್ಕುದಾರರಿಗೆ ಮರಳಿಸಲೇಬೇಕು.

◆ ಕಂಪನಿಗಳ ದಿವಾಳಿ ಸುದ್ದಿ ಓದಿ, ಸಾಮಾನ್ಯರಿಗೂ 2016ರ ಹೊಸ ದಿವಾಳಿ ಸಂಹಿತೆಯೇ ಅನ್ವಯ ಎಂದುಕೊಂಡಿದ್ದೀರಾ? ಕಂಪನಿ ಸಾಲಕ್ಕೆ ಜಾಮೀನು ನಿಂತವರ ಹೊರತು ಉಳಿದ ಯಾರಿಗೂ ಅದರಲ್ಲಿನ ವ್ಯಕ್ತಿಗಳ ದಿವಾಳಿಯ ಭಾಗ ಜಾರಿಯಾಗಿಲ್ಲ. ನಮ್ಮ ಕಡೆ 'ಪಾಪರ್' ಆಗಲು ಇಂದಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಅರ್ಜಿ ಹಾಕಲು ಅದು ಕೇಳುವ ಸಾಲದ ಮೊತ್ತ ಬರೀ 500 ರೂಪಾಯಿ!

◆ ಆ ಕಾಯ್ದೆಯಲ್ಲಿ ಒತ್ತೆ ಹಿಡಿದವರಿಗೆ ಮೂರು ದಾರಿ: ಒತ್ತೆ ಮಾರಿ ಕೊರತೆಗಷ್ಟೇ ಹಕ್ಕು ಕೇಳುವುದು, ಒತ್ತೆ ಬಿಟ್ಟುಕೊಟ್ಟು ಪೂರ್ತಿ ಸಾಲಕ್ಕೆ ಎಲ್ಲರ ಸಾಲಿನಲ್ಲಿ ನಿಲ್ಲುವುದು, ಇಲ್ಲವೇ ಒತ್ತೆಗೆ ಬೆಲೆ ಕಟ್ಟಿ ಮಿಕ್ಕ ಬಾಕಿ ಕೇಳುವುದು.

◆ ಇಳಕಲ್ ಸೀರೆ ನೇಯುವವನು ಪಾಪರ್ ಆದರೂ ಅವನ ಕಸುಬಿನ ಸಲಕರಣೆಗಳನ್ನು ಜಪ್ತಿ ಮಾಡುವಂತಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಕುಶಲಕರ್ಮಿಯ ಉಪಕರಣ, ರೈತನ ನೇಗಿಲು, ಎತ್ತು, ಬಿತ್ತನೆ ಬೀಜಗಳಿಗೆ ರಕ್ಷಣೆ ಕೊಟ್ಟಿದೆ.

◆ ಹುನಗುಂದ, ಇಳಕಲ್ ಸೀಮೆಯ ಗ್ರಾನೈಟ್ ಕಂಪನಿ ಮುಳುಗಿದರೆ ವ್ಯಾಜ್ಯ ಹೋಗುವುದು ಬೆಂಗಳೂರಿನ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ. 2020ರ ಮಾರ್ಚಿನಿಂದ, ಕನಿಷ್ಠ 1 ಕೋಟಿ ರೂಪಾಯಿ ಬಾಕಿಯಿದ್ದರಷ್ಟೇ ಅದರ ಬಾಗಿಲು ತೆರೆಯುತ್ತದೆ.

◆ ಅಲ್ಲಿ ಹಣ ಹಂಚುವಾಗ ಮೊದಲು ಪ್ರಕ್ರಿಯೆಯ ಖರ್ಚು. ನಂತರ, ಒತ್ತೆಯನ್ನು ಒಟ್ಟು ಆಸ್ತಿಗೆ ಬಿಟ್ಟುಕೊಟ್ಟ ಬ್ಯಾಂಕು ಮತ್ತು ಕಾರ್ಮಿಕರ 24 ತಿಂಗಳ ಬಾಕಿ ಒಂದೇ ಸಾಲಿನಲ್ಲಿ, ಸರಿಸಮ. ಕಾರ್ಖಾನೆಗೆ ಕಬ್ಬು ಸಾಗಿಸಿ ಬಿಲ್ಲಿಗೆ ಕಾಯುವ ರೈತ ಬಹಳ ಹಿಂದೆ.

◆ ಕಂಪನಿಯ ಆಸ್ತಿ ಒತ್ತೆ ಹಿಡಿದರೂ ಅದನ್ನು ಕಂಪನಿ ರಿಜಿಸ್ಟ್ರಾರರಲ್ಲಿ ನೋಂದಾಯಿಸದಿದ್ದರೆ, ದಿವಾಳಿಯ ಹೊತ್ತಿಗೆ ಆ ಒತ್ತೆಯನ್ನು ಸಮಾಪಕ (ಲಿಕ್ವಿಡೇಟರ್) ಲೆಕ್ಕಕ್ಕೇ ಹಿಡಿಯುವುದಿಲ್ಲ.

◆ ಹಂಚಿಕೆಯಾದರೂ ಯಾರೂ ಕೇಳದೆ ಉಳಿದ ಹಣ 'ಕಾರ್ಪೊರೇಟ್ ಲಿಕ್ವಿಡೇಶನ್ ಅಕೌಂಟ್' ಎಂಬ ಖಾತೆಗೆ ಜಮಾ. ದಾಖಲೆ ತೋರಿಸಿ ದಿವಾಳಿ ಮಂಡಳಿಗೆ ಅರ್ಜಿ ಹಾಕಿದರೆ ವಾಪಸು ಸಿಗುತ್ತದೆ. 15 ವರ್ಷ ಸುಮ್ಮನಿದ್ದರೆ ಅದು ಭಾರತದ ಸಂಚಿತ ನಿಧಿಗೆ!

◆ ಅಮೆರಿಕದಲ್ಲಿ ಇಂಥ ಹಣ ದಿವಾಳಿ ಕೋರ್ಟಿಗೆ, 5 ವರ್ಷದ ನಂತರ ಸರ್ಕಾರಿ ಖಜಾನೆಗೆ ಹೋಗುತ್ತದೆ. ಆಮೇಲೂ ಕೇಳಬಹುದು. ಆದರೆ ಚೆಕ್ಕು ತಮ್ಮ ಹೆಸರಿಗೆ ಬರೆದಿತ್ತು ಎಂದರೆ ಸಾಲದು. ಹಣಕ್ಕೆ ಇವತ್ತಿಗೂ ಹಕ್ಕಿದೆ ಎಂದು ಮನೆ ಸಾಲ ಕೊಟ್ಟ ಸಂಸ್ಥೆಯೂ ತೋರಿಸಬೇಕು.

◆ ಬ್ಯಾಂಕಿನಲ್ಲಿ 10 ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಹಕ್ಕು ಮಾತ್ರ ಸಾಯದು. 2023ರ ಆಗಸ್ಟಿನಲ್ಲಿ ಶುರುವಾದ 'ಉದ್ಗಮ್' ಪೋರ್ಟಲಿನಲ್ಲಿ ಅಜ್ಜನ ಹೆಸರನ್ನೂ ಹುಡುಕಬಹುದು.

◆ ಸಾಲ ತೀರಿತೇ? ಬ್ಯಾಂಕಿನಿಂದ ಋಣಮುಕ್ತ ಪತ್ರ ಪಡೆದು ತಹಶೀಲ್ದಾರ ಕಚೇರಿಯಲ್ಲಿ ಬೋಜಾ ತೆಗೆಸಿ. ಈ ವಾರವೇ ನಿಮ್ಮ ಪಹಣಿಯ 11ನೇ ಕಾಲಂ ಒಮ್ಮೆ ನೋಡಿಬಿಡಿ.